ಅಂಕಪಟ್ಟಿ ಕೇಳದ ಕೃಪೆ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಲ್ಲಿ ಅಂಕ ಸಮೇತ ಫ್ಲೆಕ್ಸ್‌ಗಳು ಏಳುತ್ತವೆ. ಚೆನ್ನಾಗಿ ಓದಿದವರನ್ನು ಮೆಚ್ಚಲೇಬೇಕು. ಆದರೆ ಫೇಲಾದ ಮಗು ಅದೇ ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡು ಹೋಗುವುದನ್ನು ನೋಡಲಾಗುವುದಿಲ್ಲ.

ಕ್ರೈಸ್ತಳಾದ ನನಗೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಕಥೆ ನೆನಪಾಗುತ್ತದೆ. ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಮೊದಲು ಬಂದವರು ಗೊಣಗಿದರು. ಕಾಫಿ ಕುಯ್ಲಿನ ಸಂಜೆ ಹಣ್ಣಿನ ಚೀಲ ತೂಗಿಸಿ, ಕಿಲೋ ಲೆಕ್ಕ ಬರೆಸಿ, ಬರೆದದ್ದು ಸರಿಯೇ ಎಂದು ಇಣುಕಿ ನೋಡುವ ನಮ್ಮ ಜನಕ್ಕೆ ಆ ಗೊಣಗಾಟ ಚೆನ್ನಾಗಿ ಅರ್ಥವಾಗುತ್ತದೆ. ಕೂಲಿಗೆ ತೂಕ ಇರಲಿ, ಅದು ನ್ಯಾಯ. ದೇವರ ಪ್ರೀತಿಗೆ ತಕ್ಕಡಿಯಿಲ್ಲ. ಕೃಪೆ ದೇವರ ವರ, ಯಾರೂ ಹೊಗಳಿಕೊಳ್ಳುವಂತಿಲ್ಲ ಎಂದೇ ಯೇಸುವಿನ ಸಂದೇಶ ಸಾರಿದ ಪೌಲ ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದ.

ಇದನ್ನು ಪ್ರತಿ ಭಾನುವಾರ ಕೇಳುವ ನಾವೂ ಹೆಚ್ಚು ಅಂಕ ಪಡೆದವರಿಗಷ್ಟೇ ಶಾಲು ಹೊದಿಸಿದರೆ ಹೇಗೆ? ಈ ವರ್ಷ ಪರೀಕ್ಷೆ ಬರೆದ ಎಲ್ಲ ಮಕ್ಕಳನ್ನೂ, ಮತ್ತೆ ಬರೆಯಲು ಓದುತ್ತಿರುವವರನ್ನೂ, ಪೀಠದ ಮುಂದೆ ಕರೆದು ಆಶೀರ್ವದಿಸಬೇಕೆಂದು ಜಿಲ್ಲೆಯ ಚರ್ಚುಗಳ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

– ಓದುಗಿ, ವಿರಾಜಪೇಟೆ