ಅಳುವ ಹಾಡಿನ ಪರವಾಗಿ

ಸಂಪಾದಕರಿಗೆ,

ಮಾನ್ಯರೇ,

ಹದಿಹರೆಯದ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲಿಷಿನ ಅಳುಬುರುಕ ರಾಕ್ ಹಾಡುಗಳನ್ನು ಕೇಳಿ ಕೇಳಿ ಮಂಕಾಗುತ್ತಿದ್ದಾರೆ, ತಂದೆತಾಯಂದಿರು ಅದನ್ನು ತಡೆಯಬೇಕು ಎಂದು ಹಿರಿಯ ಓದುಗರೊಬ್ಬರು ನಿಮ್ಮ ವಾಚಕರ ವಿಭಾಗಕ್ಕೆ ಬರೆದಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಅವರು ಸೂಚಿಸಿದ ಪರಿಹಾರವನ್ನು ಮಾತ್ರ ಒಪ್ಪಲಾರೆ. ಅಂಥದೇ ಒಂದು ಆಲ್ಬಂ ಮೂರು ದಶಕಗಳಿಂದ ನನ್ನ ಜೊತೆಗಿದೆ. ಅದರ ಪರವಾಗಿ ನಾಲ್ಕು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಹಾಸನದಲ್ಲಿ ನನ್ನದು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಈಗ ಬರುವುದು ಹೆಚ್ಚಾಗಿ ಟಿ.ವಿ., ಆಂಪ್ಲಿಫೈಯರ್, ಮಿಕ್ಸರ್. ತೊಂಬತ್ತರ ದಶಕದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕ್ಯಾಸೆಟ್ಟಿನದೇ ಕೆಲಸ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ, ಹಾಡು ಎಳೆಯುತ್ತದೆ ಎಂದು ತನ್ನ ಟೇಪ್ ರೆಕಾರ್ಡರ್ ತಂದಿಟ್ಟ. ಒಳಗಿದ್ದದ್ದು ಅಮೆರಿಕದ ಆರ್.ಇ.ಎಂ. ತಂಡದ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’. ಬೆಲ್ಟ್ ಬದಲಿಸಿ, ಟೇಪಿನಿಂದ ಹಾಡನ್ನು ಓದುವ ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಪರೀಕ್ಷೆಗೆಂದು ಹಾಕಿದೆ. ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನಾನು ಎ ಬದಿಯನ್ನು ಪೂರ್ತಿ ಕೇಳಿದೆ. ಆಮೇಲೆ ತಿರುಗಿಸಿ ಹಾಕಿದೆ. ಆ ಹುಡುಗ ಪದವಿ ಮುಗಿಸಿ ಊರಿಗೆ ಹೊರಡುವ ಮುನ್ನ ಕ್ಯಾಸೆಟ್ಟನ್ನು ನನಗೇ ಕೊಟ್ಟು ಹೋದ. ಹೋಗುವ ಮೊದಲು ಪ್ರತಿ ಹಾಡಿನ ಹಿಂದಿನ ಕಥೆಯನ್ನೂ ಹೇಳಿದ್ದ. ಉಳಿದದ್ದನ್ನು ಮುಂದೆ ನಾನೇ ಹುಡುಕಿ ಓದಿಕೊಂಡೆ.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ 1980ರಲ್ಲಿ ಸೇರಿದ ನಾಲ್ವರು ಗೆಳೆಯರ ತಂಡ ಅದು: ಹಾಡುಗಾರ ಮೈಕೆಲ್ ಸ್ಟೈಪ್, ಗಿಟಾರ್‌ನ ಪೀಟರ್ ಬಕ್, ಬೇಸ್ ಮತ್ತು ಪಿಯಾನೊದ ಮೈಕ್ ಮಿಲ್ಸ್, ಡ್ರಮ್ಸ್‌ನ ಬಿಲ್ ಬೆರಿ. 1991ರ ಆಲ್ಬಂ ಅವರನ್ನು ಜಗತ್ತಿನಾದ್ಯಂತ ಮನೆಮಾತಾಗಿಸಿತ್ತು. ಮುಂದಿನದರಲ್ಲಿ ಅಬ್ಬರದ ರಾಕ್ ಸಂಗೀತ ಕೊಟ್ಟು, ಊರೂರು ಸುತ್ತಿ ದುಡ್ಡು ಮಾಡಿಕೊಳ್ಳಬಹುದಿತ್ತು. ಅವರು ಸಂಗೀತ ಪ್ರವಾಸಕ್ಕೇ ಹೋಗಲಿಲ್ಲ. 1992ರ ಅಕ್ಟೋಬರ್‌ನಲ್ಲಿ ಹೊರಬಂದ ಈ ಆಲ್ಬಮ್ಮಿನ ಹೆಚ್ಚಿನ ಹಾಡುಗಳಲ್ಲಿರುವುದು ಮುಪ್ಪು, ಸಾವು, ಕಳೆದುಹೋದ ದಿನಗಳು. ಸ್ಟೈಪ್ ಅವರಿಗೆ ಆಗ ಮೂವತ್ತೆರಡು ವರ್ಷ. ಎರಡನೆಯ ಹಾಡಿನಲ್ಲಿ ಅವರು ಮಾತನಾಡುವುದು ಸಾವಿನ ಹೊಸ್ತಿಲಲ್ಲಿರುವ ಮುದಿ ಜೀವದ ದನಿಯಲ್ಲಿ. ಆಲ್ಬಮ್ಮಿನ ಹೆಸರು ಮಾತ್ರ ಬಂದದ್ದು ಅವರ ಊರಿನ ಒಂದು ಸಣ್ಣ ಹೋಟೆಲಿನಿಂದ. ‘ವೀವರ್ ಡೀಸ್’ ಎಂಬ ಆ ಹೋಟೆಲಿನ ಫಲಕದ ಮೇಲಿದ್ದ ಘೋಷವಾಕ್ಯವನ್ನೇ ಇವರು ಎತ್ತಿಕೊಂಡರು. ಇಷ್ಟು ಭಾರವಾದ ಹಾಡುಗಳಿಗೆ ಊಟ ಬಡಿಸುವವನ ಮಾತನ್ನು ಹೆಸರಾಗಿಟ್ಟದ್ದು ನನಗೆ ಬಹಳ ಇಷ್ಟ.

ಎ ಬದಿಯ ನಾಲ್ಕನೆಯ ಹಾಡು ‘ಎವ್ರಿಬಡಿ ಹರ್ಟ್ಸ್’. ಪತ್ರ ಬರೆದ ಹಿರಿಯರು ಇಂಥ ಹಾಡನ್ನೇ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅದನ್ನು ಬಹುಪಾಲು ಕಟ್ಟಿದವರು ಡ್ರಮ್ಮರ್ ಬಿಲ್ ಬೆರಿ. ಹಾಗಿದ್ದೂ ಹಾಡಿನ ಹೆಚ್ಚಿನ ಭಾಗದಲ್ಲಿ ಅವರ ಡ್ರಮ್ಸ್ ಇಲ್ಲ, ಯಂತ್ರವೊಂದರ ಟಿಕ್ ಟಿಕ್ ಇದೆ. ಪ್ರತಿ ಎಣಿಕೆಯೂ ಮೂರಾಗಿ ಒಡೆಯುವ, ನಮ್ಮವರು ತಿಶ್ರ ಎನ್ನುವ ನಡೆ. ಗಿಟಾರ್ ಆ ನಡೆಯಲ್ಲೇ ಒಂದೊಂದು ತಂತಿಯನ್ನಾಗಿ ಮೀಟುತ್ತಾ ಹೋಗುತ್ತದೆ, ಅವಸರವೇ ಇಲ್ಲ. ಪಿಟೀಲುಗಳು ತಡವಾಗಿ ಬರುತ್ತವೆ. ಆ ವಾದ್ಯವೃಂದವನ್ನು ಅಳವಡಿಸಿದವರು ಬ್ರಿಟನ್ನಿನ ಹೆಸರಾಂತ ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್. ಹಾಡು ಬಹಳ ದೂರ ಸಾಗಿದ ಮೇಲೆ ನಿಜವಾದ ಡ್ರಮ್ಸ್ ಸೇರಿಕೊಳ್ಳುತ್ತದೆ, ಆಗ ಎದೆ ತುಂಬಿ ಬರುತ್ತದೆ.

ಸ್ಟೈಪ್ ಅವರ ಸಾಹಿತ್ಯ ಸಾಮಾನ್ಯವಾಗಿ ಒಗಟಿನಂತಿರುತ್ತದೆ, ಇಂಗ್ಲಿಷ್ ಬಲ್ಲವರಿಗೂ ಬಿಡಿಸುವುದು ಕಷ್ಟ. ಈ ಒಂದು ಹಾಡನ್ನು ಹದಿಹರೆಯದವರಿಗೆಂದೇ ನೇರವಾಗಿ, ಸರಳವಾಗಿ ಬರೆದರು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನ ನನಗೆ ಮೊದಲ ಸಲಕ್ಕೇ ಅರ್ಥವಾಯಿತು. ಬದುಕು ಸಾಕು ಎನಿಸಿದವನನ್ನು ಹಿಡಿದು ನಿಲ್ಲಿಸಿ, ತಡೆದುಕೋ, ನೀನೊಬ್ಬನೇ ಅಲ್ಲ ಎನ್ನುವುದಷ್ಟೇ ಅದರ ಸಾರ. ಅಲ್ಲಿ ಬುದ್ಧಿವಾದವಿಲ್ಲ, ಬೈಗುಳವಿಲ್ಲ. ಹದಿಹರೆಯದವರ ಆತ್ಮಹತ್ಯೆ ತಡೆಯುವ ಕೆಲಸಕ್ಕೆ ಈ ಹಾಡು ಒತ್ತಾಸೆಯಾಯಿತೆಂದು ಅಮೆರಿಕದ ನೆವಾಡಾ ರಾಜ್ಯದ ಶಾಸನಸಭೆ 2001ರಲ್ಲಿ ತಂಡವನ್ನು ಪ್ರಶಂಸಿಸಿತು. 2010ರಲ್ಲಿ ಹೈಟಿ ಭೂಕಂಪದ ಸಂತ್ರಸ್ತರಿಗಾಗಿ ಬ್ರಿಟನ್ನಿನ ಮತ್ತು ಬೇರೆ ದೇಶಗಳ ಗಾಯಕರು ಸೇರಿ ಇದನ್ನೇ ಹಾಡಿ ಹಣ ಕೂಡಿಸಿದರು. ಆರ್.ಇ.ಎಂ. ತನ್ನ ಗೌರವಧನವನ್ನು ಬಿಟ್ಟುಕೊಟ್ಟಿತು.

ಹಾಗೆಂದು ಇಡೀ ಆಲ್ಬಂ ಅಳುತ್ತಲೇ ಇರುವುದಿಲ್ಲ. ಹಾಸ್ಯಗಾರ ಆಂಡಿ ಕಾಫ್ಮನ್ ನೆನಪಿಗೆ ಬರೆದ ‘ಮ್ಯಾನ್ ಆನ್ ದಿ ಮೂನ್’ ಕೇಳಿದರೆ ಕಾಲು ತಾನಾಗಿಯೇ ತಾಳ ಹಾಕುತ್ತದೆ. ರಾಜಕಾರಣಿಗಳ ಮೇಲೆ ಸಿಡಿಯುವ ‘ಇಗ್ನೋರ್‌ಲ್ಯಾಂಡ್’ ಮಾತ್ರ ನನಗೆ ಇಂದಿಗೂ ಹಿಡಿಸಿಲ್ಲ. ಆ ಸಿಟ್ಟು ಉಳಿದ ಹಾಡುಗಳ ಪಕ್ಕದಲ್ಲಿ ಕೂರುವುದಿಲ್ಲ.

ನನಗೆ ಅತಿ ಪ್ರಿಯವಾದದ್ದು ಬಿ ಬದಿಯ ಕೊನೆಯಿಂದ ಎರಡನೆಯ ಹಾಡು ‘ನೈಟ್‌ಸ್ವಿಮ್ಮಿಂಗ್’. ಮೈಕ್ ಮಿಲ್ಸ್ ಅವರ ಪಿಯಾನೊ, ಸ್ಟೈಪ್ ಅವರ ದನಿ, ಹಿನ್ನೆಲೆಯಲ್ಲಿ ಪಿಟೀಲುಗಳು, ನಡುವೆ ಓಬೊ ಎಂಬ ಊದುವ ವಾದ್ಯ. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಪಿಯಾನೊದ ಒಂದೇ ಎಳೆ ಸುತ್ತಿ ಸುತ್ತಿ ಬರುತ್ತದೆ. ರಾತ್ರಿ ಗುಟ್ಟಾಗಿ ಈಜಲು ಹೋಗುತ್ತಿದ್ದ ಹರೆಯದ ದಿನಗಳ ನೆನಪು ಅದು. ನನ್ನ ಕೆಲಸಕ್ಕೂ ಆ ಹಾಡಿಗೂ ನಂಟು ಬೆಳೆಯಿತು. ಟೇಪಿನ ವೇಗ ಕೂದಲೆಳೆಯಷ್ಟು ಏರಿಳಿದರೂ ಪಿಯಾನೊದ ನೀಳ ಸ್ವರ ನಡುಗುತ್ತದೆ. ಸಿನಿಮಾ ಹಾಡಿನ ಡೋಲಕ್ಕಿನಲ್ಲಿ ಅದು ಮುಚ್ಚಿಹೋಗುತ್ತದೆ, ಇಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಹೆಡ್ ಓರೆಯಾಗಿದ್ದರೆ ಓಬೊ ಮೂಗು ಕಟ್ಟಿದವರಂತೆ ಕೇಳುತ್ತದೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೆಡ್ಡಿನ ತಿರುಪನ್ನು ಎಳ್ಳಷ್ಟು ತಿರುಗಿಸಿದಾಗ ಆ ವಾದ್ಯ ಇದ್ದಕ್ಕಿದ್ದಂತೆ ಬಾಯಿಬಿಟ್ಟು ಹಾಡತೊಡಗುವ ಕ್ಷಣಕ್ಕಾಗಿಯೇ ನಾನು ಈ ಕಸುಬನ್ನು ಪ್ರೀತಿಸಿದೆ ಎಂದರೆ ಹೆಚ್ಚಾಗದು. ನಮ್ಮೂರಿನ ಎಷ್ಟೋ ಮನೆಗಳ ಟೇಪ್ ರೆಕಾರ್ಡರ್‌ಗಳು ಈ ಹಾಡಿನ ಮುಂದೆ ಪಾಸಾಗಿಯೇ ಹೋಗಿವೆ.

ತಂದೆಯವರು ತೀರಿಕೊಂಡಾಗ ಅಣ್ಣನಿಗೂ ನನಗೂ ಮಾತು ಬಿಟ್ಟುಹೋಗಿತ್ತು. ತಿಥಿಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಉಂಡೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎ ಬದಿಯ ಕೊನೆಯ ಹಾಡು ‘ಸ್ವೀಟ್‌ನೆಸ್ ಫಾಲೋಸ್’ ಇಂಥದ್ದನ್ನೇ ಹೇಳುತ್ತದೆ. ಹೆತ್ತವರನ್ನು ಮಣ್ಣು ಮಾಡಲು ಸೇರಿದ ಒಡಹುಟ್ಟಿದವರ ನಡುವಿನ ದೂರ ಅದರ ವಸ್ತು. ಕೆಳಗಿನ ಸ್ಥಾಯಿಯಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೊ ನರಳುತ್ತಿರುತ್ತದೆ. ಆ ಹಾಡು ನಮ್ಮಿಬ್ಬರನ್ನು ಒಂದು ಮಾಡಿತೆಂದು ಹೇಳಲಾರೆ, ಅದು ಆದದ್ದು ಅತ್ತಿಗೆಯ ದೊಡ್ಡತನದಿಂದ. ಆದರೆ ನಮ್ಮ ಮನೆಯೊಳಗಿನ ಸಂಗತಿ ಸಾವಿರಾರು ಮೈಲಿ ಆಚೆಯ ಯಾರಿಗೋ ಗೊತ್ತಿದೆ ಎಂಬುದು ಆ ದಿನಗಳಲ್ಲಿ ನನಗೆ ದೊಡ್ಡ ಆಸರೆಯಾಗಿತ್ತು.

ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವ ಹಾಡಿಗೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಾರೆ. ಆ ಹಾಡಿನಿಂದ ಮನೆ ಹಾಳಾಯಿತೆಂದು ಯಾರೂ ಹೇಳಿದ್ದು ಕೇಳಿಲ್ಲ. ಅತ್ತು ಹಗುರಾಗುವುದು ನಮಗೆ ಗೊತ್ತಿರುವ ವಿದ್ಯೆಯೇ. ಇಂಗ್ಲಿಷಿನಲ್ಲಿ, ಗಿಟಾರ್ ಹಿಡಿದು ಅತ್ತರೆ ಮಾತ್ರ ಏಕೆ ಅನುಮಾನ?

ಅಮೆರಿಕದ ನಿರ್ವಾಣ ಎಂಬ ರಾಕ್ ತಂಡದ ಹಾಡುಗಾರ ಕರ್ಟ್ ಕೊಬೇನ್ 1994ರ ಏಪ್ರಿಲ್‌ನಲ್ಲಿ ಜೀವ ಕಳೆದುಕೊಂಡಾಗ ಅವರ ಸ್ಟೀರಿಯೊದಲ್ಲಿದ್ದದ್ದು ಇದೇ ಆಲ್ಬಂ ಎಂಬುದನ್ನು ಕೆಲವರು ಎತ್ತಿ ತೋರಿಸಬಹುದು. ಆ ಸಂಗತಿ ನನ್ನನ್ನು ತುಂಬಾ ನೋಯಿಸಿದೆ. ಆದರೆ ಕೊಬೇನ್ ಅವರಿಗೆ ವರ್ಷಗಳಿಂದ ಮಾದಕ ವ್ಯಸನವಿತ್ತು, ಹೊಟ್ಟೆನೋವಿನ ಕಾಯಿಲೆಯಿತ್ತು, ಖಿನ್ನತೆಯಿತ್ತು. ಹಾಡು ಚಿಕಿತ್ಸೆಯಲ್ಲ. ಚಿಕಿತ್ಸೆ ಬೇಕಾದವರಿಗೆ ಚಿಕಿತ್ಸೆಯೇ ಬೇಕು. ಅದಕ್ಕಾಗಿ ನಮ್ಮಲ್ಲಿ 14416 ಸಂಖ್ಯೆಯ ಟೆಲಿ-ಮಾನಸ್ ಇದೆ. 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ, ಕನ್ನಡದಲ್ಲೇ ಮಾತನಾಡಬಹುದು. ಮಗು ಊಟ ಬಿಟ್ಟು, ನಿದ್ದೆ ಬಿಟ್ಟು, ಗೆಳೆಯರನ್ನು ಬಿಟ್ಟು ಕೂತಿದ್ದರೆ ಅಲ್ಲಿಗೆ ಕರೆ ಮಾಡಬೇಕು. ಅದರ ಬದಲು ಮೊಬೈಲ್ ಕಿತ್ತುಕೊಂಡರೆ, ಮಗು ಒಳಗಿನ ಸಂಕಟ ಹೇಳಿಕೊಳ್ಳಲು ಹಿಡಿದಿದ್ದ ಒಂದು ದಾರಿಯನ್ನೂ ಮುಚ್ಚಿದಂತೆ.

ಬಿಲ್ ಬೆರಿ 1995ರಲ್ಲಿ ಸ್ವಿಟ್ಜರ್ಲೆಂಡಿನ ವೇದಿಕೆಯ ಮೇಲೆ ಮಿದುಳಿನ ರಕ್ತನಾಳದ ತೊಂದರೆಯಿಂದ ಕುಸಿದರು. ಚೇತರಿಸಿಕೊಂಡು ಎರಡು ವರ್ಷಗಳ ನಂತರ ತಂಡ ಬಿಟ್ಟು ಬೇಸಾಯಕ್ಕಿಳಿದರು. 2011ರಲ್ಲಿ ಉಳಿದವರೂ ಜಗಳವಿಲ್ಲದೆ ತಂಡವನ್ನು ಮುಗಿಸಿದರು. 2024ರ ಜೂನ್‌ನಲ್ಲಿ ನಾಲ್ವರೂ ಒಂದೇ ಒಂದು ಹಾಡಿಗಾಗಿ ಮತ್ತೆ ವೇದಿಕೆಯ ಮೇಲೆ ಸೇರಿದ್ದನ್ನು ಮೊಬೈಲಿನಲ್ಲಿ ನೋಡಿ ಹಬ್ಬದಷ್ಟು ಸಂತೋಷಪಟ್ಟೆ.

ತಮ್ಮಲ್ಲಿ ಒಂದು ಕೋರಿಕೆ. ಸಿನಿಮಾ ಹಾಡುಗಳಿಗೆ ನಿಮ್ಮ ಪುರವಣಿಯಲ್ಲಿ ಪುಟಗಟ್ಟಲೆ ಜಾಗವಿದೆ. ಮಕ್ಕಳು ನಿಜವಾಗಿ ಕೇಳುತ್ತಿರುವ ಆಲ್ಬಂಗಳ ಬಗ್ಗೆ, ಅವುಗಳಲ್ಲಿ ಏನಿದೆ, ಯಾರು ಮಾಡಿದರು, ಯಾಕೆ ಮನಸ್ಸಿಗೆ ತಾಗುತ್ತವೆ ಎಂದು ಕನ್ನಡದಲ್ಲಿ ತಿಳಿಸುವ ಒಂದು ಅಂಕಣ ಆರಂಭಿಸಿ. ಅದನ್ನು ಓದಿದ ತಂದೆಯೊಬ್ಬರು ಮಗಳ ಪಕ್ಕದಲ್ಲಿ ಕೂತು, ಇನ್ನೊಂದು ಇಯರ್‌ಫೋನ್ ಕೇಳಿ ಪಡೆಯುವಂತಾಗಲಿ. ಪತ್ರ ಬರೆದ ಹಿರಿಯರು ಹಾಸನದ ಕಡೆ ಬಂದರೆ ನನ್ನ ಅಂಗಡಿಗೂ ಬರಬೇಕೆಂದು ವಿನಂತಿ. ಕ್ಯಾಸೆಟ್ ಇನ್ನೂ ಚೆನ್ನಾಗಿದೆ, ಎರಡೂ ಬದಿ ಕೇಳಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರೇಡಿಯೊ ರಿಪೇರಿ ಅಂಗಡಿಯ ಓದುಗ, ಹಾಸನ