ಕಸಿ ಚಾಕು ಕೊಡುವವರು ಅದನ್ನು ತೆರೆಯುವ ಹಿತ್ತಾಳೆ ಪಟ್ಟಿಯನ್ನೂ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿಯಿತು ಅಂದರೆ ನಮ್ಮ ಶಿರಸಿ, ಸಿದ್ದಾಪುರ, ಸಾಗರದ ಕಡೆ ಕಸಿ ಕಟ್ಟುವ ತರಬೇತಿಗಳು ಶುರುವಾಗುತ್ತವೆ. ನಿಮ್ಮ ಪತ್ರಿಕೆಯಲ್ಲೂ ಸುದ್ದಿ, ಫೋಟೊ ಬರುತ್ತದೆ. ಹೆಂಗಸರೆಲ್ಲ ಒಂದೊಂದು ಕಿಟ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ನೋಡಿದರೆ ನನಗೂ ಖುಷಿಯಾಗುತ್ತದೆ. ಆ ಕಿಟ್ಟಿನೊಳಗೆ ಗಿಡ ಸವರುವ ಕತ್ತರಿ, ಪ್ಲಾಸ್ಟಿಕ್ ಪಟ್ಟಿಯ ಸುರುಳಿ, ಜೊತೆಗೆ ಒಂದು ಮಡಚುವ ಚಾಕು ಇರುತ್ತದೆ. ಈ ಪತ್ರ ಆ ಚಾಕುವಿನ ಬಗ್ಗೆ. ಎಷ್ಟೋ ಜನರಿಗೆ ಅದನ್ನು ತೆರೆಯಲಿಕ್ಕೇ ಆಗುವುದಿಲ್ಲ.

ಚಾಕು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲಗು ಚೆನ್ನಾಗಿಯೇ ಇರುತ್ತದೆ. ಕಸಿಗೆ ಬೇಕಾದ ಹಾಗೆ ಒಂದೇ ಕಡೆ ಮಸೆದು, ಇನ್ನೊಂದು ಕಡೆ ಸಪಾಟಾಗಿ ಬಿಟ್ಟಿರುತ್ತಾರೆ. ಆದರೆ ಅದನ್ನು ಹಿಡಿಯಿಂದ ಹೊರಗೆ ತೆಗೆಯಲು ಉಗುರು ಬೇಕು, ಹೆಬ್ಬೆರಳಲ್ಲಿ ಬಲ ಬೇಕು. ನಮ್ಮ ಕಡೆ ಕಸಿ ಕಟ್ಟುವವರು ಯಾರು? ನರ್ಸರಿಗಳಲ್ಲಿ ನೋಡಿ, ಹೆಚ್ಚಿನವರು ಹೆಂಗಸರು. ಪಾತ್ರೆ ತಿಕ್ಕಿ, ಕೊಟ್ಟಿಗೆ ಬಳಿದು, ಅಡಿಕೆ ಸುಲಿದು ನಮ್ಮ ಉಗುರು ಬೆಳೆಯುವ ಮೊದಲೇ ಸವೆದಿರುತ್ತದೆ. ಮಳೆಗಾಲದಲ್ಲಿ ದಿನವಿಡೀ ಒದ್ದೆಯಲ್ಲಿದ್ದು ಮೆತ್ತಗೂ ಆಗಿರುತ್ತದೆ. ಅಂಥ ಉಗುರನ್ನು, ಅಲಗಿನ ಪಕ್ಕದಲ್ಲಿ ಉಗುರಿಗೆಂದೇ ಕೊರೆದ ಗೀರಿಗೆ ಸಿಕ್ಕಿಸಿ ಎಳೆದರೆ ಅಲಗು ಮಿಸುಕುವುದಿಲ್ಲ, ಉಗುರೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನನಗೆ ಅರವತ್ತು ದಾಟಿದೆ. ಬಲಗೈ ಹೆಬ್ಬೆರಳ ಬುಡದ ಸಂದು ಸವೆದಿದೆ ಅಂತ ಡಾಕ್ಟರು ಹೇಳಿದ್ದಾರೆ. ಕಸಿಗೆ ಮರದಿಂದ ತಂದ ಕಡ್ಡಿ ಕೆತ್ತುವಾಗ ಆ ಬೆರಳು ನೋಯುವುದಿಲ್ಲ. ಚಾಕು ಬಿಚ್ಚುವಾಗ ಮಾತ್ರ ಪ್ರಾಣ ಹೋದ ಹಾಗಾಗುತ್ತದೆ.

ಚಾಕು ತೆರೆಯಲು ಬಾರದಿದ್ದಾಗ ಜನ ಏನು ಮಾಡುತ್ತಾರೆ ಅಂತ ತರಬೇತಿ ಕೊಡುವವರು ಒಮ್ಮೆ ಮನೆಗಳಿಗೆ ಬಂದು ನೋಡಬೇಕು. ಕಿಟ್ಟಿನ ಚಾಕು ಕಪಾಟು ಸೇರಿರುತ್ತದೆ. ಕೈಯಲ್ಲಿ ಶೇವಿಂಗ್ ಬ್ಲೇಡು ಇರುತ್ತದೆ. ಬ್ಲೇಡು ಹರಿತ, ನಿಜ. ಎಳೆ ಕಡ್ಡಿಗೆ ಕೆಲವರು ಅದರಲ್ಲೇ ಚೆನ್ನಾಗಿ ಕಟ್ಟುತ್ತಾರೆ. ಆದರೆ ಅದು ಬಳುಕುತ್ತದೆ. ಕಸಿಕಡ್ಡಿಯ ತುದಿಯನ್ನು ಎರಡೂ ಕಡೆ ಕೆತ್ತಿ ಬೆಣೆ ಮಾಡುವಾಗ ಮೈ ಸಪಾಟಾಗಿ ಬರಬೇಕು. ಗೇರಿಗಾದರೆ ಆ ಬೆಣೆ 6–7 ಸೆಂಟಿಮೀಟರ್ ಉದ್ದ ಇರಬೇಕು. ಅಷ್ಟುದ್ದಕ್ಕೆ ಬ್ಲೇಡು ಎಳೆದರೆ ನಡುವೆ ಹೊಟ್ಟೆ ಬರುತ್ತದೆ. ಬೇರುಸಸಿಯ ಸೀಳಿನೊಳಗೆ ಅದನ್ನು ಕೂರಿಸಿದಾಗ ಸಂದು ಉಳಿಯುತ್ತದೆ. ತೊಗಟೆಯ ಒಳಗಿನ ಹಸಿ ಪದರಕ್ಕೆ ಪದರ ತಾಗುವುದಿಲ್ಲ. ಎಷ್ಟು ಬಿಗಿಯಾಗಿ ಕಟ್ಟಿದರೂ ಅಂಥ ಕಸಿ ಹಿಡಿಯುವುದು ಕಷ್ಟ. ಇನ್ನು ಬೆರಳು ಕುಯ್ದುಕೊಳ್ಳುವುದಂತೂ ಇದ್ದೇ ಇದೆ.

ಇನ್ನೊಂದು ರೀತಿ ಇದಕ್ಕಿಂತ ಅಪಾಯ. ನಮ್ಮ ಪಕ್ಕದ ಮನೆಯ ಸೊಸೆ ಬೆಳಿಗ್ಗೆ ಗಂಡ ತೋಟಕ್ಕೆ ಹೋಗುವ ಮೊದಲು ಅವನ ಕೈಯಲ್ಲಿ ಚಾಕು ಬಿಚ್ಚಿಸಿಕೊಳ್ಳುತ್ತಿದ್ದಳು. ಆಮೇಲೆ ಸಂಜೆಯವರೆಗೆ ಅದನ್ನು ಮಡಚುತ್ತಿರಲಿಲ್ಲ. ಕಡ್ಡಿ ತುಂಬಿದ ಬುಟ್ಟಿಯೊಳಗೇ ತೆರೆದ ಚಾಕು. ಎಲೆ ಸವರಿದ ಕಡ್ಡಿಗಳ ನಡುವೆ ಅಲಗು ಕಾಣುವುದೂ ಇಲ್ಲ, ಮೇಲೆ ಒದ್ದೆ ಗೋಣಿ ಬೇರೆ. "ಯಾಕೆ ಮಾರಾಯ್ತಿ, ಮಡಚಿಡಬಾರದಾ?" ಅಂದೆ. "ಮಡಚಿದ್ರೆ ಮತ್ತೆ ಯಾರ ಹತ್ರ ತೆಗೆಸ್ಲಿ ಅಕ್ಕಾ?" ಅಂದಳು. ಅವಳಿಗೆ ಇನ್ನೂ ಮೂವತ್ತು ದಾಟಿಲ್ಲ. ಇದು ಬರೀ ಮುದುಕಿಯರ ತೊಂದರೆ ಅಲ್ಲ ಅಂತ ಹೇಳಲು ಅವಳ ವಿಷಯ ಬರೆದೆ.

ಚಾಕು ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಈ ನಮೂನೆಯ ಚಾಕುವಿನಲ್ಲಿ ಬೀಗ ಇರುವುದಿಲ್ಲ. ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗ್. ಅದು ಅಲಗಿನ ಬುಡವನ್ನು ಸದಾ ಒತ್ತಿಕೊಂಡೇ ಇರುತ್ತದೆ. ಅಲಗು ಹೊರಗೆ ಬರುವಾಗ ಬುಡದ ಮೂಲೆ ಆ ಪಟ್ಟಿಯನ್ನು ಮೇಲಕ್ಕೆ ಎತ್ತಬೇಕು. ಅದಕ್ಕೇ ಶುರುವಿನಲ್ಲಿ ಅಷ್ಟು ಬಿಗಿ. ಕೆಲಸ ಮಾಡುವಾಗ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವುದೂ ಇದೇ ಪಟ್ಟಿ. ಹಾಗಾಗಿ ಸ್ಪ್ರಿಂಗ್ ಸಡಿಲ ಮಾಡಿ ಅಂತ ನಾನು ಖಂಡಿತ ಕೇಳುವುದಿಲ್ಲ. ಬಿಗಿ ಇರಲಿ, ತೆರೆಯುವ ದಾರಿ ಕೊಡಿ.

ಆ ದಾರಿ ದೊಡ್ಡದೇನಲ್ಲ. ಒಂದು ಹಿತ್ತಾಳೆ ಪಟ್ಟಿ ಸಾಕು. ನಾನು ಪೇಟೆಯ ಪಾತ್ರೆ ರಿಪೇರಿಯವರಿಂದ ಹಳೇ ಹಿತ್ತಾಳೆ ತಗಡಿನ ಚೂರು ತಂದು, ಅರದಲ್ಲಿ ಉಜ್ಜಿ ಮಾಡಿಕೊಂಡಿದ್ದೇನೆ. ಉದ್ದ ನನ್ನ ಕಿರುಬೆರಳಷ್ಟು, ಅಗಲ ಒಂದೂವರೆ ಸೆಂಟಿಮೀಟರ್. ಒಂದು ತುದಿಯನ್ನು ತೆಳ್ಳಗೆ ಉಜ್ಜಿ, ಉಗುರಿನ ಹಾಗೆ ಸ್ವಲ್ಪ ಗುಂಡಗೆ ಮಾಡಿದ್ದೇನೆ. ಅಲಗಿನ ಗೀರಿನೊಳಗೆ ಅದು ಸರಿಯಾಗಿ ಕೂರಬೇಕು, ಅಷ್ಟು ತೆಳ್ಳಗೆ. ಇನ್ನೊಂದು ತುದಿ ದಪ್ಪಗೇ ಇದೆ. ಅಲ್ಲಿ ತೂತು ಕೊರೆದು ಕೆಂಪು ದಾರ ಕಟ್ಟಿದ್ದೇನೆ, ಹುಲ್ಲಿನಲ್ಲಿ ಬಿದ್ದರೆ ಕಾಣಲಿ ಅಂತ. ಹಿತ್ತಾಳೆಯೇ ಯಾಕೆ ಅಂದರೆ ಅದು ಉಕ್ಕಿಗಿಂತ ಮೆದು. ಜಾರಿದರೂ ಅಲಗಿಗೆ ಗೀರು ಬೀಳುವುದಿಲ್ಲ, ಸವೆದರೆ ಪಟ್ಟಿ ಸವೆಯುತ್ತದೆ.

ಬಳಸುವ ರೀತಿಯನ್ನೂ ಹೇಳಿಬಿಡುತ್ತೇನೆ. ಚಾಕುವಿನ ಬೆನ್ನು ಅಂಗೈಗೆ ಬರುವ ಹಾಗೆ ಎಡಗೈಯಲ್ಲಿ ಹಿಡಿಯಬೇಕು. ಬೆರಳುಗಳು ಹಿಡಿಯ ಎರಡು ಪಕ್ಕದಲ್ಲಿ ಮಾತ್ರ ಇರಬೇಕು, ಅಲಗು ಕೂರುವ ಸೀಳಿನ ಮೇಲೆ ಒಂದು ಬೆರಳೂ ಬರಬಾರದು. ಕೈಯಲ್ಲಿ ಬಲ ಇಲ್ಲದವರು ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಚಾಕುವಿನ ಬೆನ್ನು ಊರಿ ಹಿಡಿದುಕೊಳ್ಳಬಹುದು. ಪಟ್ಟಿಯ ತೆಳು ತುದಿಯನ್ನು ಗೀರಿಗೆ ಇಟ್ಟು, ಹೆಬ್ಬೆರಳ ಮೆತ್ತನೆ ಭಾಗವನ್ನು ಪಟ್ಟಿಯ ಮೇಲೆ ಒತ್ತಿ, ಬೆರಳಿಂದಲ್ಲ, ಮಣಿಕಟ್ಟಿಂದ ಎತ್ತಬೇಕು. ಅಲಗು ಒಂದು ಬೆರಳಗಲ ಮೇಲೆ ಬಂದರೆ ಸಾಕು. ಅಲ್ಲಿಂದ ಮುಂದೆ ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಪೂರ್ತಿ ತೆಗೆಯಬಹುದು. ಮಡಚುವಾಗಲೂ ಅಷ್ಟೇ. ಅಂಗೈಯಿಂದ ಅಲಗಿನ ಬೆನ್ನು ತಳ್ಳಬೇಕು, ಬೆರಳು ಸೀಳಿನಿಂದ ದೂರ.

ಹಿತ್ತಾಳೆ ಸಿಗದಿದ್ದರೆ ಬೇರೆಯವೂ ಇವೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಫೋನಿನ ಪರದೆ ಎಬ್ಬಿಸಲು ಮೂರು ಮೂಲೆಯ ತೆಳು ಪ್ಲಾಸ್ಟಿಕ್ ಬಿಲ್ಲೆ ಇಟ್ಟುಕೊಂಡಿರುತ್ತಾರೆ. ತೀರಾ ಬಿಗಿ ಇಲ್ಲದ ಚಾಕುವಿಗೆ ಅದು ಸಾಕು, ಜಾಸ್ತಿ ಬಿಗಿ ಇದ್ದರೆ ಬಾಗುತ್ತದೆ. 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆ ಮನೆಯಲ್ಲಿ ಬಿದ್ದಿದ್ದರೆ ಅದರ ಅಂಚನ್ನು ಸ್ವಲ್ಪ ಉಜ್ಜಿ ಬಳಸಬಹುದು. ಅಲಗಿನ ಬೆನ್ನು ಹಿಡಿಯಿಂದ ಸಾಕಷ್ಟು ಮೇಲೆ ಕಾಣುತ್ತಿದ್ದರೆ ಹಳೇ ಸೈಕಲ್ ಟ್ಯೂಬಿನ ತುಂಡು ಮಡಚಿ ಎರಡೂ ಕಡೆಯಿಂದ ಚಿವುಟಿ ಎಳೆದರೂ ಬರುತ್ತದೆ, ಒದ್ದೆ ಕೈಗೆ ಇದು ಒಳ್ಳೆಯದು. ಆದರೆ ಇಕ್ಕಳ ಹಾಕಬೇಡಿ, ಅಲಗು ಮುಕ್ಕಾಗುತ್ತದೆ. ಸ್ಕ್ರೂಡ್ರೈವರ್ ಜಾರಿ ಅಂಗೈಗೇ ಚುಚ್ಚುತ್ತದೆ. ಹಲ್ಲಿನಿಂದ ಕಚ್ಚಿ ಎಳೆಯುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಈಗ ಕೆಲವರು ಆನ್‌ಲೈನಿನಲ್ಲಿ ಫ್ರಾನ್ಸಿನ ಒಪಿನೆಲ್ ಚಾಕು ತರಿಸುತ್ತಾರೆ. ನನ್ನ ತಮ್ಮನ ಮಗ ಬೆಂಗಳೂರಿಂದ ಒಂದು ತಂದುಕೊಟ್ಟ. ಅದು 1890ರಿಂದ ಆಲ್ಪ್ಸ್ ಬೆಟ್ಟದ ಸವಾಯ್ ಸೀಮೆಯಲ್ಲಿ ರೈತರಿಗಾಗಿ ಮಾಡುತ್ತಾ ಬಂದ ಚಾಕು. ಮರದ ಹಿಡಿ, ಕತ್ತಿನಲ್ಲಿ ತಿರುಗಿಸುವ ಉಕ್ಕಿನ ಬಳೆ. ಮಲೆನಾಡಿನ ಮಳೆಗೆ ಆ ಮರ ಉಬ್ಬಿ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಸವಾಯ್ ಸೀಮೆಯವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆ ಸಡಿಲಿಸಿ, ಹಿಡಿಯ ಬಾಲದ ಮೂಲೆಯನ್ನು ಮೇಜಿಗೆ ಟಪ್ ಅಂತ ಕುಟ್ಟಿದರೆ ಅಲಗಿನ ತುದಿ ತಾನಾಗಿ ಹೊರಗೆ ಜಿಗಿಯುತ್ತದೆ. ನಾನು ಮಾಡಿ ನೋಡಿದೆ, ಸೊಗಸಾಗಿ ಬರುತ್ತದೆ. ಆದರೆ ಇದನ್ನು ನಮ್ಮ ಕಿಟ್ಟಿನ ಚಾಕುವಿಗೆ ಮಾಡಿ ಪ್ರಯೋಜನವಿಲ್ಲ. ಒಪಿನೆಲ್‌ನಲ್ಲಿ ಬೆನ್ನಿನ ಸ್ಪ್ರಿಂಗ್ ಇಲ್ಲ, ಬರೀ ಮರದ ಹಿಡಿತ. ನಮ್ಮದರಲ್ಲಿ ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ. ಸುಮ್ನೆ ಕುಟ್ಟಿ ಹಿಡಿ ಒಡೆದುಕೊಳ್ಳಬೇಡಿ.

ಹೊಸದರಲ್ಲಿ ಸಲೀಸಾಗಿದ್ದ ಚಾಕು ಆಮೇಲೆ ಬಿಗಿಯಾಗುವುದಕ್ಕೆ ನಮ್ಮ ಗಿಡಗಳೇ ಕಾರಣ. ಮಾವಿನ ಸೊನೆ, ಹಲಸಿನ ಮೇಣ ಅಲಗಿನ ಬುಡಕ್ಕೆ ಇಳಿದು ಅಂಟಾಗುತ್ತವೆ. ಮೇಲೆ ಮಳೆಗೆ ತುಕ್ಕು. ಮೇಣ ಬಿಡಿಸಲು ಕೊಬ್ಬರಿ ಎಣ್ಣೆ ಒಳ್ಳೆಯದು, ಹಲಸು ಬಿಡಿಸುವ ಕೈಗೆ ಅದು ಗೊತ್ತೇ ಇದೆ. ಆದರೆ ಬಿಡಿಸಿದ ಮೇಲೆ ಅದನ್ನು ಅಲ್ಲೇ ಬಿಡಬಾರದು. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಧೂಳು ಹಿಡಿಯುತ್ತದೆ. ಬೆಚ್ಚಗಿನ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು, ಒಲೆಯ ಹತ್ತಿರ ಒಣಗಿಸಿ, ತಿರುಗುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಡಿ. ನಾಲ್ಕಾರು ಸಲ ತೆರೆದು ಮಡಚಿ, ಅಲಗನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಎಣ್ಣೆ ಕಸಿಯ ಗಾಯಕ್ಕೆ ತಾಗಬಾರದು, ಅದೊಂದು ನೆನಪಿರಲಿ.

ಇಷ್ಟಕ್ಕೆ ಇಷ್ಟೆಲ್ಲ ಯಾಕೆ ಬರೆಯುತ್ತೀರಿ ಅಂತ ಯಾರಾದರೂ ಕೇಳಿದರೆ ಉಪ್ಪಿನಕಾಯಿ ಹಾಕುವ ಅಪ್ಪೆಮಿಡಿ ಮಾವಿನ ಮರಗಳನ್ನು ತೋರಿಸುತ್ತೇನೆ. ಅಘನಾಶಿನಿ, ಶರಾವತಿಯ ದಂಡೆಯ ಹಳೇ ಮರಗಳು ಹೊಳೆ ಬಂದಾಗ ಬುಡ ಸಡಿಲಾಗಿ ಬೀಳುತ್ತಿವೆ. ಮಿಡಿಗಾಗಿ ಕೊಂಬೆಗಳನ್ನೇ ಕಡಿದು ಹಾಳು ಮಾಡಿದವೂ ಇವೆ. ಗೊರಟೆ ನೆಟ್ಟರೆ ಅದೇ ಹುಳಿ, ಸೊನೆಯ ಅದೇ ಪರಿಮಳ ಬರುತ್ತದೆ ಅನ್ನುವ ಭರವಸೆ ಇಲ್ಲ. ಅನಂತಭಟ್ಟನ ಅಪ್ಪೆ ಅನ್ನುವ ತಳಿ ಅನಂತಭಟ್ಟನ ಅಪ್ಪೆಯಾಗಿಯೇ ಉಳಿಯಬೇಕಾದರೆ ಕಸಿಯೇ ಆಗಬೇಕು. ಆ ಕಸಿಯನ್ನು ಮನೆಮನೆಯಲ್ಲಿ ಕಟ್ಟಲು ಕೈಗಳಿವೆ, ಕಲಿಯುವ ಆಸೆ ಇದೆ. ಚಾಕು ತೆರೆಯದೆ ಆ ಕೆಲಸ ನಿಲ್ಲಬಾರದು ಅಲ್ವಾ?

ಹಾಗಾಗಿ ತರಬೇತಿ ನಡೆಸುವ ಇಲಾಖೆ, ಸಂಘ, ಕೇಂದ್ರಗಳವರಲ್ಲಿ ನನ್ನ ಬೇಡಿಕೆ ಇದು. ಚಾಕು ಖರೀದಿ ಮಾಡುವ ಮೊದಲು ಮಾದರಿಯೊಂದನ್ನು ತಂದು ನರ್ಸರಿಯ ಹೆಂಗಸರ ಕೈಗೆ ಕೊಡಿ, ಒದ್ದೆ ಕೈಯಲ್ಲೇ ತೆರೆಯಲು ಹೇಳಿ. ಅವರಿಗೆ ಆಗದಿದ್ದರೆ ಬೇರೆ ಮಾದರಿ ನೋಡಿ. ಪ್ರತಿ ಕಿಟ್ಟಿಗೂ ಒಂದು ಹಿತ್ತಾಳೆ ಪಟ್ಟಿ ಹಾಕಿ. ತರಬೇತಿಯ ದಿನ ಕಸಿ ತೋರಿಸುವ ಮೊದಲು ಚಾಕು ತೆರೆದು ಮಡಚುವುದನ್ನು ತೋರಿಸಿ, ಎಲ್ಲರಿಂದಲೂ ಮಾಡಿಸಿ. ಆಗದವರಿಗೆ ಮಡಚುವ ಚಾಕುವೇ ಬೇಕೆಂದಿಲ್ಲ. ಗಟ್ಟಿ ಹಿಡಿಯ, ಮಡಚದ ಸಣ್ಣ ಚಾಕುವಿಗೆ ಒಂದು ಒರೆ ಹಾಕಿ ಕೊಟ್ಟರೂ ಆಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಯಾರೂ ಬಿಚ್ಚಬೇಕಾಗಿಲ್ಲ, ಅದರಲ್ಲಿ ತಲೆತಲಾಂತರದಿಂದ ಕೆಲಸ ನಡೆದಿದೆ.

ಚಾಕು ಮಾಡುವವರಿಗೂ ಒಂದು ಮಾತು. ಬಾಗಿಲನ್ನು ಬಿಜಾಗರಿಯ ಹತ್ತಿರ ತಳ್ಳಿದರೆ ಎಷ್ಟು ಬಲ ಬೇಕು, ಅಂಚಿನಲ್ಲಿ ತಳ್ಳಿದರೆ ಎಷ್ಟು ಬೇಕು ಅಂತ ಎಲ್ಲರಿಗೂ ಗೊತ್ತು. ಅಲಗಿನ ಗೀರೂ ಹಾಗೆಯೇ. ಅದನ್ನು ಬುಡದ ಹತ್ತಿರ ಕೊರೆಯಬೇಡಿ, ತುದಿಯ ಕಡೆಗೆ ಸರಿಸಿ, ಸ್ವಲ್ಪ ಆಳವಾಗಿ, ಉದ್ದವಾಗಿ ಮಾಡಿ. ಎರಡೂ ಕಡೆ ಮಾಡಿದರೆ ಎಡಗೈಯವರಿಗೂ ಆಗುತ್ತದೆ. ಈಗ ಒಂದೇ ಕಡೆ ಇರುವುದರಿಂದ ಅವರ ಪಾಡು ನಮಗಿಂತ ಕಷ್ಟ. ಹಿಡಿಯ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು ಕತ್ತರಿಸಿ ಬಿಟ್ಟರೆ ಇನ್ನೂ ಒಳ್ಳೆಯದು, ಅಲಗನ್ನು ಎರಡು ಬೆರಳಲ್ಲಿ ನೇರವಾಗಿ ಹಿಡಿದೇ ಎಳೆಯಬಹುದು. ಇಂಗ್ಲೆಂಡ್, ಅಮೆರಿಕದ ಹಳೇ ಜೇಬು ಚಾಕುಗಳಲ್ಲಿ ಇಂಥ ಕಚ್ಚು ಇರುತ್ತಿತ್ತು, ಈಗಲೂ ಕೆಲವರು ಮಾಡುತ್ತಾರೆ. ಅದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ.

ಇನ್ನು ಗೊಬ್ಬರ, ಔಷಧಿ, ಕೃಷಿ ಸಾಮಾನಿನ ಅಂಗಡಿಯವರು. ಚಾಕುವನ್ನು ಪ್ಲಾಸ್ಟಿಕ್ ಕವರಿನೊಳಗೆ ಮುಚ್ಚಿಟ್ಟು "ಬಿಚ್ಚಿದರೆ ತಗೊಳ್ಳಲೇಬೇಕು" ಅನ್ನಬೇಡಿ. ದುಡ್ಡು ಕೊಡುವ ಮೊದಲು ನಮ್ಮ ಕೈಯಲ್ಲಿ ತೆರೆದು ನೋಡಲು ಬಿಡಿ. ನೀವು ತೆರೆದು ತೋರಿಸಿದರೆ ಸಾಲದು.

ಇಂತಿ,
ಕಸಿ ಕಟ್ಟುವ ಒಬ್ಬ ಓದುಗಿ,
ಶಿರಸಿ ತಾಲೂಕು, ಉತ್ತರ ಕನ್ನಡ