ಮೆದುಳಿನ ಅಲೆ ಪರೀಕ್ಷೆಯ ಕರಪತ್ರದ ಬಗ್ಗೆ

ಪೋಷಕರೇ, ನಮಸ್ಕಾರ.

ಕಳೆದ ವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಯಾರೋ ಕರಪತ್ರ ಹಂಚಿ ಹೋಗಿದ್ದಾರೆ. ಮಗುವಿನ ತಲೆಗೆ ಪಟ್ಟಿ ಕಟ್ಟಿ, ಮೆದುಳಿನ ಅಲೆ ನೋಡಿ, ಮುಂದೆ ಡಾಕ್ಟರೋ ಇಂಜಿನಿಯರೋ ಅಂತ ಹೇಳುತ್ತಾರಂತೆ. "ಹುಟ್ಟಿನಿಂದ ಬಂದ ಪ್ರತಿಭೆ" ಅಂತ ದಪ್ಪ ಅಕ್ಷರ. ಫೀಸು ಮಾತ್ರ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ. ಇದಕ್ಕೂ ನಮ್ಮ ಶಾಲೆಗೂ ಸಂಬಂಧವಿಲ್ಲ. ಕೆಲವರು ಫೋನ್ ಮಾಡಿ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೆದುಳಿನ ಅಲೆ ಸುಳ್ಳಲ್ಲ. ಜರ್ಮನಿಯ ಡಾಕ್ಟರ್ ಹಾನ್ಸ್ ಬರ್ಗರ್ 1924ರಲ್ಲೇ ಅದನ್ನು ಮನುಷ್ಯರಲ್ಲಿ ದಾಖಲಿಸಿದರು. ಮೆದುಳಿನಲ್ಲಿ ಏಳುವ ಸಣ್ಣ ಕರೆಂಟಿನ ಅಲೆಯನ್ನು ಅಳೆಯುವ ಆ ಪರೀಕ್ಷೆಯೇ ಇಇಜಿ. ನಮ್ಮ ಕಲಬುರಗಿಯ ದವಾಖಾನೆಗಳಲ್ಲೂ ಫಿಟ್ಸ್ ಇರುವವರಿಗೆ ಮಾಡುತ್ತಾರೆ. ತಲೆಗೆ ಜೆಲ್ ಹಚ್ಚಿ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಕರೆಂಟ್ ಒಳಗೆ ಬಿಡುವುದಿಲ್ಲ, ಒಳಗಿರುವುದನ್ನು ಸುಮ್ನೆ ಅಳೆಯುತ್ತಾರೆ. ಡಾಕ್ಟರು ಬರೆದುಕೊಟ್ಟಿದ್ದರೆ ಹೆದರದೆ ಮಾಡಿಸಿ. ಕೈಗೆ ಬೀಗದ ಕೈ ಕೊಟ್ಟು, ತಾಯಿತ ಕಟ್ಟಿ ದಿನ ದೂಡಬೇಡಿ.

"ಹುಟ್ಟಿನಿಂದ" ಅನ್ನುವುದರಲ್ಲೂ ನಿಜವಿದೆ. ಕಣ್ಣು ಮುಚ್ಚಿ ಕೂತಾಗ ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆ, ತದ್ರೂಪಿ ಅವಳಿಗಳಲ್ಲಿ ತುಂಬಾ ಹೋಲುತ್ತದೆ. ಆದರೆ ಅದಕ್ಕೆ ಕಾರಣ ಯಾವ ಜೀನು, ಅಂದರೆ ತಂದೆತಾಯಿಯಿಂದ ಬರುವ ವಂಶವಾಹಿ, ಎಂದು ಹುಡುಕಹೊರಟರೆ ಒಂದೊಂದರ ಪಾಲೂ ತೀರಾ ಸಣ್ಣದು. ಒಂದೇ ಊರಿನ, ಒಂದೇ ದೇಶದ ಜನ ಸಾಲುವುದಿಲ್ಲ. ಅದಕ್ಕೇ ನೆದರ್ಲೆಂಡ್ಸ್, ಅಮೆರಿಕ, ಆಸ್ಟ್ರೇಲಿಯಾದ ಸಂಶೋಧಕರು ಎನಿಗ್ಮಾ ಎಂಬ ಕೂಟದಲ್ಲಿ ಕೈಜೋಡಿಸಿದರು. 2018ರಲ್ಲಿ 8,425 ಜನರ ಇಇಜಿಯನ್ನು ಅವರ ಜೀನುಗಳ ಜೊತೆ ಹೋಲಿಸಿ ವರದಿ ಕೊಟ್ಟರು. ಸಿಕ್ಕಿದ್ದು ಕೆಲವು ಜೀನುಗಳ ಸುಳಿವು. ಮಾನಸಿಕ ಕಾಯಿಲೆಗಳ ಜೊತೆ ನಂಟಿರುವ ಜೀನುಗಳೂ ಅದರಲ್ಲಿವೆ. ಡಾಕ್ಟರ್ ಆಗುವ ಜೀನಂತೂ ಇಲ್ಲ. ಅಷ್ಟು ಜನ ಸೇರಿ ಹೇಳಲಾಗದ್ದನ್ನು ಬಾಡಿಗೆ ಮಳಿಗೆಯಲ್ಲಿ ಕೂತ ಒಬ್ಬರು ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತಾರೆ, ಅಲ್ವಾ?

ದಯವಿಟ್ಟು ದುಡ್ಡು ಕಟ್ಟಬೇಡಿ. ಆಗಲೇ ಕಟ್ಟಿದ್ದರೆ ಆ ವರದಿಯನ್ನು ಮಕ್ಕಳ ಮುಂದೆ ಓದಬೇಡಿ. ಏಳನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಲೆಕ್ಕದ ಪುಸ್ತಕವನ್ನೇ ತೆರೆಯಲಿಲ್ಲ. ಕೇಳಿದರೆ, "ನನಗೆ ಗಣಿತ ಬರಲ್ಲ ಅಂತ ಮಷಿನ್ ಹೇಳ್ಯದ ಟೀಚರ್" ಅಂದಳು. ಆಕೆಗೆ ಗಣಿತ ಚೆನ್ನಾಗಿಯೇ ಬರುತ್ತದೆ.

ಇನ್ನೊಂದು ಮಾತು. ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳಿದ್ದರೆ ಮುಚ್ಚಿಡದೆ ನನಗೆ ತಿಳಿಸಿ. ಕ್ಲಾಸ್ ಟೀಚರ್ ಬಿಟ್ಟು ಬೇರೆಯವರಿಗೆ ಹೇಳುವುದಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆಫೀಸಿನಲ್ಲೇ ಇರುತ್ತೇನೆ.

ಇಂತಿ,
ಮುಖ್ಯ ಶಿಕ್ಷಕಿ
ಕಲಬುರಗಿ